ಸಂಸ್ಕಾರ ಮಾಡಿದ್ದು ಯಾರು ಸ್ವಾಮಿ?

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' (1965) ಒಂದೇ ರಾತ್ರಿ ಓದಿ ಮುಗಿಸಿ, ಇದು ಪ್ರಾಣೇಶಾಚಾರ್ಯರ ಕಥೆ ಅಂತ ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿದಿದ್ದೆ. ಚಂದ್ರಿ? 'ಅವಳು ಬರೀ ನೆಪ ಕಣೋ' ಅಂದಿದ್ದೆ. ಆ ಮಾತು ವಾಪಸ್ ತಗೋತಿದೀನಿ.

ಕಳೆದ ವರ್ಷ ಅಜ್ಜಿ ತೀರಿಕೊಂಡಾಗ ಕೊಳ್ಳಿ ಇಡೋದು ಯಾರು ಅಂತ ನಮ್ಮನೆ ಗಂಡಸರು ಜಗಲಿಯಲ್ಲಿ ಕೂತು ಮೂರು ಗಂಟೆ ವಾದ ಮಾಡಿದರು. (ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.) ಅಷ್ಟರಲ್ಲಿ ಸೌದೆ, ಗಾಡಿ ಎಲ್ಲ ಗೊತ್ತುಮಾಡಿ ಬಂದವಳು ಅತ್ತೆ. ಮೊನ್ನೆ ಮತ್ತೆ ಕಾದಂಬರಿ ಹಿಡಿದಾಗ ಕಪಾಳಕ್ಕೆ ಬಾರಿಸಿದ ಹಾಗಾಯ್ತು.

ನಾರಣಪ್ಪನ ಹೆಣ ಕೊಳೀತಾ ಇದೆ. ದೂರ್ವಾಸಪುರದ ಬ್ರಾಹ್ಮಣರು ಹಸ್ಕೊಂಡೇ ಧರ್ಮಸೂಕ್ಷ್ಮ ಚರ್ಚಿಸ್ತಾರೆ, ಖರ್ಚಿಗೆ ಅಂತ ಚಂದ್ರಿ ಬಿಚ್ಚಿಟ್ಟ ಒಡವೆ ಮೇಲೆ ಕಣ್ಣು ಹಾಕ್ತಾರೆ. ಆಚಾರ್ಯರು ಗ್ರಂಥ ತಿರುವಿ, ಮಾರುತಿ ಗುಡಿಯಲ್ಲಿ ಕಾದು ಕೂರ್ತಾರೆ. ಕೊನೆಗೆ ಹೆಣ ಸುಟ್ಟಿದ್ದು? ಮೀನು ವ್ಯಾಪಾರದ ಅಹಮದ್ ಬ್ಯಾರಿಯ ಗಾಡಿ ಹಿಡಿದು, ರಾತ್ರೋರಾತ್ರಿ, ಚಂದ್ರಿ! ಆಮೇಲೆ ಕುಂದಾಪುರಕ್ಕೆ ಹೊರಟೇ ಹೋದಳು.

ಕಾದಂಬರಿಯ ಹೆಸರಿನಲ್ಲಿರೋ ಕೆಲಸ ಮಾಡಿದವಳು ಅವಳು ಮಾರಾಯ್ರೆ. ಬ್ರಾಹ್ಮಣರನ್ನು ಬೈದಿದೆ ಅಂತ ಸಿಟ್ಟಾದವರೂ, ಅಸ್ತಿತ್ವವಾದ ಅಂತ ಕೊಂಡಾಡಿದವರೂ ಹೊರಡೋದು ಮಾತ್ರ ಆಚಾರ್ಯರ ಹಿಂದೇನೇ. ಲೇಖಕರದೂ ತಪ್ಪಿದೆ ಅನ್ನಬಹುದು, ಕೊನೇ ಭಾಗವನ್ನೆಲ್ಲ ಆಚಾರ್ಯರಿಗೂ ಪುಟ್ಟನಿಗೂ ಬಿಟ್ಟುಕೊಟ್ಟಿದ್ದಾರೆ. ಆದ್ರೆ ಆ ರಾತ್ರಿಯನ್ನು ಬರೆದಿಟ್ಟಿದ್ದಾರಲ್ಲ! ಹಾರಿಸಿ ಓದಿದ್ದು ನಾವು.

ಹಾಸ್ಟೆಲಿನ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. 'ಅವತ್ತೇ ನಾನು ಬಡ್ಕೊಂಡಿರಲಿಲ್ವೇನೋ?' ಅಂದ.