ಹೆಸರಿಗೂ ಪಗಡಿಯೆ?

ಕಳೆದ ತಿಂಗಳ ಎರಡನೆಯ ಭಾನುವಾರ, ಆಂಟಾಪ್ ಹಿಲ್‌ನ ಕೇಂದ್ರ ಸರಕಾರಿ ನೌಕರರ ಕಾಲೊನಿಯ ಒಂದು ಮನೆಯಲ್ಲಿ ನಮ್ಮ ಪುಟ್ಟ ಓದುಬಳಗ ಎಂದಿನಂತೆ ಸೇರಿತ್ತು. ಅಂದು ಓದಬೇಕೆಂದಿದ್ದ ಕತೆಯನ್ನು ಯಾರೂ ಓದಲಿಲ್ಲ. ಎರಡು ಗಂಟೆಗಳ ಕಾಲ ನಡೆದ ಚರ್ಚೆಯ ವಿಷಯ ಒಂದೇ. ನಿನ್ನೆ ಮೊನ್ನೆಯವರೆಗೆ ನಮ್ಮದೇ ಆಗಿದ್ದ ಹೆಸರೊಂದನ್ನು ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ತೆತ್ತು ಮರಳಿ ಕೊಳ್ಳಬೇಕೆ, ಬೇಡವೆ?

ಸಂಗತಿ ಇಷ್ಟು. ಹನ್ನೊಂದು ವರ್ಷಗಳ ಹಿಂದೆ ಬಳಗದ ಬರಹಗಳಿಗೊಂದು ಜಾಲತಾಣ ಬೇಕೆನಿಸಿದಾಗ, ಬಳಗದ ಹೆಸರಿಗೆ ‘ಡಾಟ್ ಕಾಮ್’ ಸೇರಿಸಿ ನೋಂದಾಯಿಸಿದವರು ನಮ್ಮಲ್ಲೊಬ್ಬ ಹಿರಿಯರು. ನೋಂದಣಿ ಅವರ ಸ್ವಂತ ಹೆಸರಿನಲ್ಲಿತ್ತು, ಕಚೇರಿಯ ಇಮೇಲ್ ವಿಳಾಸದಲ್ಲಿತ್ತು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಆ ಶುಲ್ಕವನ್ನು ಅವರು ಬಳಗದಿಂದ ಎಂದೂ ಕೇಳಲಿಲ್ಲ, ನಾವೂ ವಿಚಾರಿಸಲಿಲ್ಲ. ಅವರು ನಿವೃತ್ತರಾದರು, ಕ್ವಾರ್ಟರ್ಸ್ ಬಿಟ್ಟು ಉಡುಪಿಯ ಕಡೆ ಊರಿಗೆ ಹೋದರು. ಕಚೇರಿಯ ಇಮೇಲ್ ಮುಚ್ಚಿತು. ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಪೆಟ್ಟಿಗೆಯೊಳಗೆ ಬಿದ್ದವು. ಈಗ ನಮ್ಮ ವಿಳಾಸ ಒತ್ತಿದರೆ, ಇದು ‘ಪ್ರೀಮಿಯಂ’ ಹೆಸರು, ಮಾರಾಟಕ್ಕಿದೆ ಎಂಬ ಫಲಕ ಕಾಣುತ್ತದೆ.

ಹೆಸರು ರಾತ್ರೋರಾತ್ರಿ ಕೈಬಿಟ್ಟು ಹೋಗುವುದಿಲ್ಲ. ‘ಡಾಟ್ ಕಾಮ್’ ಹೆಸರಿನ ಅವಧಿ ಮುಗಿದ ಮೇಲೂ, ನೋಂದಣಿ ಮಾಡುವ ಸಂಸ್ಥೆಯ ನಿಯಮದಂತೆ 45 ದಿನಗಳವರೆಗೆ ನವೀಕರಿಸಲು ಎಡೆಯಿರುತ್ತದೆ. ಆಮೇಲೆ 30 ದಿನ, ಹೆಚ್ಚುವರಿ ದಂಡ ತೆತ್ತು ಬಿಡಿಸಿಕೊಳ್ಳುವ ಕಾಲ. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ. ಅದು ಕಳೆದರೆ ಹೆಸರು ಲೋಕದ ಪಾಲು. ಅಷ್ಟು ದಿನವೂ ಕಾಯದೆ ಅವಧಿ ಮುಗಿದ ಹೆಸರನ್ನು ಹರಾಜಿಗಿಡುವ ಪರಿಪಾಠವೂ ಉಂಟು. ಇಂಥ ಹೆಸರುಗಳಿಗಾಗಿ ಹೊಂಚಿ ಕೂರುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ನಮ್ಮ ಹೆಸರನ್ನು ಹಿಡಿದವರು ಅಂಥವರಲ್ಲೊಬ್ಬರು. ಅವರು ಕಳ್ಳರಲ್ಲ. ನಾವು ಬೀಗ ಹಾಕದೆ ಬಿಟ್ಟ ಬಾಗಿಲಿನಿಂದ ಒಳಹೊಕ್ಕವರು.

‘ಪ್ರೀಮಿಯಂ’ ಎಂದರೇನೆಂದು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. ಮಾಟುಂಗ, ದಾದರ್, ವಡಾಲದ ಹಳೆಯ ಕಟ್ಟಡಗಳ ಪಗಡಿಯನ್ನು ನೆನೆಯಿರಿ. ತಿಂಗಳ ಬಾಡಿಗೆ ಕೆಲವೇ ನೂರು ರೂಪಾಯಿ. ಆದರೆ ಒಳಗೆ ಕಾಲಿಡಬೇಕಾದರೆ ಮೊದಲೇ ದೊಡ್ಡದೊಂದು ಗಂಟು. ಗಂಟು ಕೊಟ್ಟ ಮೇಲೂ ಮನೆ ನಮ್ಮದಲ್ಲ, ವಾಸಿಸುವ ಹಕ್ಕು ಮಾತ್ರ ನಮ್ಮದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಈ ಗಂಟಿಗೆ ಕಾನೂನಿನ ಒಪ್ಪಿಗೆಯನ್ನೂ ಕೊಟ್ಟಿತು. ಹಳೆಯ ‘ಡಾಟ್ ಕಾಮ್’ ಹೆಸರಿನ ಬೆಲೆಯೂ ಇದೇ ಬಗೆಯದು. ಈಗಿನ ಹಿಡುವಳಿದಾರನಿಗೆ ಒಮ್ಮೆ ಗಂಟು, ಆಮೇಲೆ ಎಲ್ಲರಂತೆ ಸಾಮಾನ್ಯ ವಾರ್ಷಿಕ ಶುಲ್ಕ.

ಇನ್ನೊಂದು ಬಗೆಯ ‘ಪ್ರೀಮಿಯಂ’ ಉಂಟು, ಕೊಳ್ಳುವವರು ಅದನ್ನು ತಪ್ಪದೆ ಗಮನಿಸಬೇಕು. ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದಿರುವ ‘ಡಾಟ್ ಬ್ಲಾಗ್’, ‘ಡಾಟ್ ಶಾಪ್’ನಂಥ ಹೊಸ ವಿಸ್ತರಣೆಗಳಲ್ಲಿ, ಚೆಂದದ ಹೆಸರುಗಳಿಗೆ ಆ ವಿಸ್ತರಣೆಯ ಒಡೆಯರೇ ಮೊದಲಿನಿಂದ ಹೆಚ್ಚಿನ ಬೆಲೆ ಕಟ್ಟಿರುತ್ತಾರೆ. ಎಷ್ಟೋ ಸಲ ಆ ಹೆಚ್ಚಿನ ಬೆಲೆಯನ್ನು ಪ್ರತಿವರ್ಷವೂ ತೆರಬೇಕು. ಮೊದಲ ವರ್ಷದ ರಿಯಾಯಿತಿಗೆ ಮರುಳಾಗಿ ಕೊಂಡವರಿಗೆ ಅದರ ನಿಜವಾದ ಬೆಲೆ ತಿಳಿಯುವುದು ಎರಡನೆಯ ವರ್ಷದಲ್ಲಿ.

ಕೊಳ್ಳಲೇಬೇಕೆಂದು ವಾದಿಸಿದವರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ವಡಾಲದ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದ್ದ ನಮ್ಮ ಟೀಚರ್ ಕೇಳಿದರು: “ನಾವು ಅಚ್ಚು ಹಾಕಿಸಿದ ನಾಲ್ಕು ಪುಸ್ತಕಗಳ ಹಿಂಬದಿಯಲ್ಲಿ ಇದೇ ವಿಳಾಸ ಇದೆಯಲ್ಲ? ನಾಳೆ ಪುಣೆಯಲ್ಲೋ ದೋಹಾದಲ್ಲೋ ಒಬ್ಬರು ಅದನ್ನು ಒತ್ತಿದಾಗ ಜೂಜಿನ ಜಾಹೀರಾತು ಬಂದರೆ?” ಇದು ಬರಿಯ ಅಂಜಿಕೆಯಲ್ಲ. ಬಿಟ್ಟುಹೋದ ಹೆಸರುಗಳಲ್ಲಿ ಜೂಜಿನ, ಸಾಲದ ಜಾಹೀರಾತುಗಳು ಬಂದು ಕೂರುವುದು ದಿನನಿತ್ಯದ ಸಂಗತಿ. ಊರಿನಿಂದ ದೂರವಿರುವ ನಮ್ಮಂಥವರಿಗೆ ಹೆಸರು ಎಂದರೆ ಬರಿಯ ಗುರುತಲ್ಲ, ನೆಲೆ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್, 1973ರಲ್ಲಿ ನಾಡಿನ ಹೆಸರೇ ಕರ್ನಾಟಕವೆಂದಾದ ಮೇಲೂ ತನ್ನ ಹೆಸರನ್ನು ಬಿಡಲಿಲ್ಲ. ಆ ಅಕ್ಕರೆ ನಮಗೆಲ್ಲ ಅರ್ಥವಾಗುವಂಥದು.

ನ್ಯಾಯಾಲಯಕ್ಕೆ ಹೋಗಬಾರದೇಕೆ ಎಂದರು ಕೆಲವರು. ಹಾಗೆ ನೋಡಿದರೆ ಈ ವಿಷಯದಲ್ಲಿ ಮೊದಮೊದಲು ತೀರ್ಪಿತ್ತವುಗಳಲ್ಲಿ ನಮ್ಮ ಊರಿನ ಹೈಕೋರ್ಟೂ ಒಂದು. ‘ರೀಡಿಫ್’ ಹೆಸರಿನ ಒಂದು ಅಕ್ಷರವನ್ನಷ್ಟೇ ಬದಲಿಸಿ ಜಾಲತಾಣ ತೆರೆದವರ ವಿರುದ್ಧ ಬಾಂಬೆ ಹೈಕೋರ್ಟು 1999ರಲ್ಲಿ, ಡೊಮೇನ್ ಹೆಸರಿಗೂ ವ್ಯಾಪಾರಮುದ್ರೆಗೆ ಸಮನಾದ ರಕ್ಷಣೆ ಸಲ್ಲಬೇಕೆಂದಿತು. 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ನಿಲುವನ್ನೇ ಗಟ್ಟಿಗೊಳಿಸಿತು. ಆದರೆ ನಾವು ಹೆಸರನ್ನು ವ್ಯಾಪಾರಮುದ್ರೆಯಾಗಿ ನೋಂದಾಯಿಸಿಲ್ಲ, ಮೇಲಾಗಿ ಅದು ಕನ್ನಡದ ಸಾಮಾನ್ಯ ಪದ. ‘ಡಾಟ್ ಕಾಮ್’ ವ್ಯಾಜ್ಯಗಳನ್ನು ತೀರಿಸುವ ಅಂತಾರಾಷ್ಟ್ರೀಯ ಪಂಚಾಯಿತಿಯ ಮುಂದೆ ಗೆಲ್ಲಬೇಕಾದರೆ, ಎದುರಿನವರು ಕೆಟ್ಟ ಉದ್ದೇಶದಿಂದ ಹೆಸರು ಪಡೆದರೆಂಬುದನ್ನೂ ನಾವೇ ತೋರಿಸಿಕೊಡಬೇಕು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬರೇ ಪಂಚರಿರುವ ವಿಚಾರಣೆಯ ಶುಲ್ಕವೇ 1,500 ಡಾಲರ್, ಎಂದರೆ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಆ ದಾರಿ ನಮ್ಮಂಥವರದಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಕೊಳ್ಳಬಾರದೆಂಬುದೇ ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಡೊಮೇನ್ ಹೆಸರು ಯಾರ ಸ್ವತ್ತೂ ಆಗುವುದಿಲ್ಲ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳಿಗೆ ನೋಂದಾಯಿಸಬಹುದು, ಅಷ್ಟೆ. ಆಂಟಾಪ್ ಹಿಲ್‌ನವರಿಗೆ ಇದಕ್ಕಿಂತ ಪರಿಚಿತವಾದ ಬಾಳುವೆ ಬೇರೊಂದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಕ್ವಾರ್ಟರ್ಸಿನ ಬಾಗಿಲಿನಿಂದ ನಿವೃತ್ತಿಯ ದಿನ ಹೆಸರಿನ ಫಲಕವನ್ನು ನಾವೇ ಕಳಚಿ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಮನೆ ಬದಲಾಗುತ್ತದೆ, ಫಲಕ ಜೊತೆಗೆ ಬರುತ್ತದೆ. ಬಳಗದ ಹೆಸರು ಆ ಫಲಕ, ಡೊಮೇನ್ ಬರಿಯ ಬಾಗಿಲು.

ಎರಡನೆಯದು ಕನ್ನಡಕ್ಕೇ ವಿಶಿಷ್ಟವಾದ ತೊಡಕು. ಇಂಗ್ಲಿಷಿನ ಸಣ್ಣ ಪದವೊಂದನ್ನು ಕಿವಿಯಲ್ಲಿ ಕೇಳಿದವನು ತಪ್ಪಿಲ್ಲದೆ ಬೆರಳಲ್ಲಿ ಒತ್ತಬಲ್ಲ. ‘ವಾಯ್ಸ್ ಡಾಟ್ ಕಾಮ್’ ಹೆಸರಿಗೆ 2019ರಲ್ಲಿ 3 ಕೋಟಿ ಡಾಲರ್ ಕೊಟ್ಟವರು ಕೊಂಡದ್ದು ಆ ಸುಲಭತೆಯನ್ನು. ಕನ್ನಡದ ಪದವನ್ನು ರೋಮನ್ ಅಕ್ಷರಗಳಿಗೆ ಇಳಿಸಿದೊಡನೆ ಆ ಸುಲಭತೆ ಸೋರಿಹೋಗುತ್ತದೆ. ಊರಿನಲ್ಲಿ ‘ಸವಿತಾ’ ಎಂಬ ಹೆಸರಿನ ‘ಟಿ’ ಮುಂದೆ ‘ಎಚ್’ ಬರುತ್ತದೆ, ಮುಂಬಯಿಯ ಶಾಲೆಯ ದಾಖಲೆಯಲ್ಲಿ ಆ ‘ಎಚ್’ ಮಾಯವಾಗುತ್ತದೆ. ನಮ್ಮ ಬಳಗದ ಹೆಸರಿನಲ್ಲಿ ಒಂದು ‘ತ’ ಇದೆ, ಎರಡು ದೀರ್ಘಗಳಿವೆ. ಒಂದೊಂದಕ್ಕೂ ಎರಡೆರಡು ಬಗೆಯ ಬರವಣಿಗೆ ಎಂದರೆ ಒಟ್ಟು ಎಂಟು ರೂಪಗಳಾದವು. ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಅವರು ನಮಗೆ ಕೊಡುವುದು ಎಂಟರಲ್ಲಿ ಒಂದನ್ನು. ಉಳಿದ ಏಳಕ್ಕೆ ನಾಳೆ ಯಾರು ಕಾವಲು?

ಮೂರನೆಯದು ಅನುಭವದ ಮಾತು. ಕನ್ನಡದ ಓದುಗರು ಬಾಗಿಲನ್ನು ನೋಡಿ ಒಳಗೆ ಬಂದವರಲ್ಲ. ‘ಸಂಪದ’ ಬೆಳೆದದ್ದು ‘ಡಾಟ್ ನೆಟ್’ನಲ್ಲಿ. ‘ಅವಧಿ’ಯ ವಿಳಾಸದಲ್ಲಿ ಆ ಹೆಸರಿನ ಜೊತೆಗೆ ‘ಮ್ಯಾಗ್’ ಎಂಬ ಬಾಲವಿದೆ. ಹೊರನಾಡಿನ ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಯ ಜೊತೆಗಾರನಾಗಿದ್ದ ‘ದಟ್ಸ್‌ಕನ್ನಡ’ ಮುಂದೆ ‘ಒನ್‌ಇಂಡಿಯಾ’ದ ಹೆಸರಿನೊಳಗೆ ಸೇರಿತು. ಓದುಗರು ಬರಹವನ್ನು ಅರಸಿ ಬಂದರೇ ಹೊರತು ಹೆಸರಿನ ಬೆಲೆಯನ್ನು ಕೇಳಲಿಲ್ಲ. ಇಂದು ನಮ್ಮ ಬರಹಗಳ ಕೊಂಡಿಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ವಿಳಾಸವನ್ನು ಅಕ್ಷರ ಅಕ್ಷರವಾಗಿ ಒತ್ತುವವರು ವಿರಳ.

ನಾಲ್ಕನೆಯದು ಹಣ. ನಮ್ಮ ನಿಧಿಯಲ್ಲಿರುವುದು ಮೂರು ಲಕ್ಷದಷ್ಟು. ತಿಂಗಳಿಗೆ ನೂರು ರೂಪಾಯಿಯಂತೆ ಸದಸ್ಯರು ಕೂಡಿಸಿದ್ದು, ಪುಸ್ತಕ ತರಲೆಂದು ಕೊಟ್ಟದ್ದು. ಕೇಳುತ್ತಿರುವ ಮೊತ್ತದಲ್ಲಿ ಐನೂರು ಪ್ರತಿಗಳ ಎರಡು ಪುಸ್ತಕಗಳನ್ನು ಅಚ್ಚು ಹಾಕಿಸಬಹುದು. ಹೆಸರು ಕೊಂಡರೆ ಮಿಕ್ಕುವುದು ಒಂದೇ ಹಸ್ತಪ್ರತಿಗೆ ಸಾಕಾದೀತು, ಕಾಯುತ್ತಿರುವವು ಮೂರು. ಅವುಗಳಲ್ಲೊಂದರ ಲೇಖಕಿಗೆ ಎಂಬತ್ತೊಂದು ವರ್ಷ.

ಹೆಸರಿಗೆ ಹಣ ಕೊಡುವುದು ಎಂದೂ ತಪ್ಪು ಎನ್ನುತ್ತಿಲ್ಲ. ಆ ವಿಳಾಸದಲ್ಲಿ ದಿನವೂ ಪುಸ್ತಕ ಮಾರಿ ಸಂಬಳ ಕೊಡುವ ಪ್ರಕಾಶಕನಿಗೆ ಲೆಕ್ಕ ಬೇರೆಯಾಗುತ್ತದೆ. ನನ್ನ ಅಳತೆಗೋಲು ಸರಳ: ಹೆಸರಿಲ್ಲದೆ ನಮಗೆ ನಿಜವಾಗಿ ಆಗುವ ನಷ್ಟವೆಷ್ಟೋ ಅಷ್ಟಕ್ಕಿಂತ ಹೆಚ್ಚು ಕೊಡಬಾರದು. ಲೆಕ್ಕ ಹಾಕಿದೆ. ಮಾರಾಟವಾಗದೆ ಉಳಿದ ಪ್ರತಿಗಳು ಆರುನೂರ ನಲವತ್ತು. ಹೊಸ ವಿಳಾಸದ ಚೀಟಿ ಅಂಟಿಸಲು ಪ್ರತಿಗೆ ಎರಡು ರೂಪಾಯಿಯಂತೆ 1,280 ರೂಪಾಯಿ. ಕೈಬಿಟ್ಟು ಹೋದ ಹಳೆಯ ಬರಹಗಳಲ್ಲಿ ಹಲವು ಇಂಟರ್‌ನೆಟ್ ಆರ್ಕೈವ್‌ನ ಸಂಗ್ರಹದಲ್ಲಿ ಸಿಕ್ಕಿವೆ. ಈಗಾಗಲೇ ಮಾರಾಟವಾದ ಪುಸ್ತಕಗಳ ಹಿಂಬದಿಯನ್ನು ಮಾತ್ರ ತಿದ್ದಲಾಗದು. ಟೀಚರ್ ಅವರ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆ ನಷ್ಟವನ್ನು ಸಹಿಸಬೇಕು ಎನ್ನುವುದಷ್ಟೇ ನನ್ನ ಉತ್ತರ. ಮಾರುವವರಿಗೆ ಹತ್ತು ಸಾವಿರದವರೆಗೆ ಒಂದೇ ಮಾತು ಹೇಳೋಣ. ಒಪ್ಪದಿದ್ದರೆ ಕೈಮುಗಿದು ಮುಂದೆ ನಡೆಯೋಣ.

ಹೊಸದಾಗಿ ಒಂದು ‘ಡಾಟ್ ಇನ್’ ವಿಳಾಸ ಸಾಕು. ಅದರ ಜೊತೆಗೆ ನಮ್ಮ ಲಿಪಿಯಲ್ಲೇ ಸಿಗುವ ‘.ಭಾರತ’ ವಿಳಾಸವನ್ನೂ ಪಡೆಯೋಣ. ಕೆಲವು ತಂತ್ರಾಂಶಗಳು ಅದನ್ನು ಇನ್ನೂ ಸರಿಯಾಗಿ ಗುರುತಿಸುವುದಿಲ್ಲ, ಕೆಲವೆಡೆ ಅದು ಅರ್ಥವಾಗದ ರೋಮನ್ ಅಕ್ಷರಗಳ ಸರಮಾಲೆಯಾಗಿ ಕಾಣಿಸಿಕೊಳ್ಳುತ್ತದೆ. ಆದರೂ ಎಂಟು ರೂಪಗಳ ಗೊಂದಲ ಅಲ್ಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ನೋಂದಣಿ ಯಾರ ಹೆಸರಿನಲ್ಲಿರಬೇಕೆಂಬುದು. ಅದು ಬಳಗದ ಹೆಸರಿನಲ್ಲಿರಲಿ, ಬಳಗದ ಇಮೇಲಿಗೆ ಬೆಸೆದಿರಲಿ, ಗುಪ್ತಪದ ಕನಿಷ್ಠ ಮೂವರಲ್ಲಿರಲಿ. ಅವಧಿ ಮುಗಿಯುವ ದಿನಾಂಕವನ್ನು ವಾರ್ಷಿಕ ಸಭೆಯ ನಡಾವಳಿಯಲ್ಲಿ ಬರೆಯಲಿ. ಹೊರನಾಡಿನ ಎಷ್ಟು ಕನ್ನಡ ಸಂಘಗಳ ಜಾಲತಾಣಗಳು ಇಂದಿಗೂ ಯಾರೋ ಒಬ್ಬರ ಜೇಬಿನ ಮೇಲೆ, ಅವರ ನೆನಪಿನ ಮೇಲೆ ನಿಂತಿವೆಯೋ! ಇದನ್ನು ಓದುತ್ತಿರುವ ಬಂಧುಗಳು ಇಂದೇ ಒಮ್ಮೆ ವಿಚಾರಿಸಿಕೊಳ್ಳುವುದು ಒಳಿತು.

ಸಭೆ ಮುಗಿದ ರಾತ್ರಿ ಊರಿನಿಂದ ಆ ಹಿರಿಯರ ಫೋನು ಬಂತು. ಸುದ್ದಿ ಹೇಗೋ ಮುಟ್ಟಿತ್ತು. “ತಪ್ಪು ನನ್ನದು ಮಾರಾಯ್ರೆ. ಪೆನ್ಶನ್ ಹಣ ಇದೆ, ನಾನೇ ಕೊಟ್ಟು ಬಿಡಿಸ್ತೇನೆ, ನೀವ್ಯಾರೂ ತಲೆ ಕೆಡಿಸಿಕೊಳ್ಳಬೇಡಿ,” ಎಂದರು. ಅವರ ದನಿ ನಡುಗುತ್ತಿತ್ತು. ಹನ್ನೊಂದು ವರ್ಷ ತಮ್ಮ ಕೈಯಿಂದ ಶುಲ್ಕ ಕಟ್ಟಿದವರು ಈಗ ಅಪರಾಧಿಯಂತೆ ಮಾತನಾಡುತ್ತಿದ್ದರು. ತಪ್ಪು ಅವರದಲ್ಲ. ಅವರು ಊರಿಗೆ ಹೊರಟ ದಿನ ಶಾಲು ಹೊದಿಸಿ, ಭಾಷಣ ಮಾಡಿದ ನಮ್ಮಲ್ಲಿ ಯಾರಿಗೂ ಆ ಒಂದು ಕೀಲಿಯನ್ನು ಕೇಳಿ ಪಡೆಯಬೇಕೆಂದು ತೋಚಲಿಲ್ಲ.

ಹೆಸರನ್ನು ಕೊಂಡರೆ, ಆ ಒಂದು ಲಕ್ಷ ಎಂಬತ್ತು ಸಾವಿರ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಋಣವಾಗಿ ಉಳಿಯುತ್ತದೆ. ಕೊಳ್ಳದಿರಲು ನನಗೆ ಇದೊಂದೇ ಕಾರಣ ಸಾಕಿತ್ತು. ಬರುವ ಭಾನುವಾರ ಮತ ಹಾಕುವಾಗ ನಾನು ‘ಬೇಡ’ ಎಂದೇ ಕೈಯೆತ್ತುತ್ತೇನೆ. ಹೊಸ ವಿಳಾಸದಲ್ಲಿ ಮೊದಲ ಬರಹ ಅವರದೇ ಇರಲೆಂದು ಕೇಳುತ್ತೇನೆ.