ಕೀಲಿ ಕೊಟ್ಟವರು ಯಾರು?



ಈ ಸಲ ಅಡಿಗೆಯ ಮಾತು ಸ್ವಲ್ಪ ಬದಿಗಿರಲಿ. ಒಂದು ವರ್ಷದಿಂದ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿರುವ ಸಂಗತಿಯೊಂದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ಹೋದ ವರ್ಷ ಹೋಳಿ ಹುಣ್ಣಿಮೆಯ ದಿನ. ಬೇಳೆ ಬೆಂದಿತ್ತು, ಕಣಕ ನೆನೆದಿತ್ತು, ಬೀಗರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಡಬ್ಬಿ ತೆಗೆದು ನೋಡುತ್ತೇನೆ, ಬೆಲ್ಲ ಕಡಿಮೆ! "ಲಗೂನ ಹೋಗಿ ಒಂದ್ ಕಿಲೋ ಬೆಲ್ಲ ತಗೊಂಬಾ ತಮ್ಮಾ" ಎಂದು ಮಗನ ಕೈಗೆ ಮೋಟಾರ್ ಸೈಕಲ್ಲಿನ ಕೀಲಿ ಕೊಟ್ಟೆ. ಅವನಿಗೆ ಆಗ ಹದಿನಾರು ವರ್ಷ.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ಒಳಗೆ ಮಗ್ಗ, ಹೊರಗೆ ಕಟ್ಟೆ. ಹೆಂಗಸರು ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುತ್ತಾರೆ, ಮಕ್ಕಳು ಓಣಿಯಲ್ಲೇ ಆಡುತ್ತವೆ. ಮಗ್ಗದ ಸಪ್ಪಳದಲ್ಲಿ ಗಾಡಿ ಬಂದದ್ದು ಕೇಳಿಸುವುದೇ ಇಲ್ಲ. ತಿರುವಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಚೆಂಡಿನ ಹಿಂದೆ ಓಡಿ ಬಂದಳು. ನನ್ನ ಮಗ ಬ್ರೇಕ್ ಹಾಕುವುದರೊಳಗೆ ಆಗಬಾರದ್ದು ಆಗಿಹೋಯಿತು. ದೇವರ ದಯೆ, ಜೀವ ಉಳಿಯಿತು. ಕಾಲಿನ ಎಲುಬು ಮುರಿದು ಆರು ವಾರ ಪ್ಲಾಸ್ಟರ್.

ಆಸ್ಪತ್ರೆಯ ಖರ್ಚು ಕೊಟ್ಟೆವು, ಕೈ ಮುಗಿದೆವು. ಅವರು ಪೊಲೀಸ್ ಠಾಣೆಯ ತನಕ ಹೋಗಲಿಲ್ಲ, ಅದು ಅವರ ದೊಡ್ಡಸ್ತಿಕೆ. ಆದರೆ ಆ ತಾಯಿ ಹೇಳಿದ ಒಂದೇ ಮಾತು ಇವತ್ತಿಗೂ ಕಿವಿಯಲ್ಲಿದೆ: "ನಿಮ್ಮ ಹುಡುಗ ಕೆಟ್ಟಾಂವ ಅಲ್ರೀ ಅಕ್ಕಾರ. ಆದ್ರ ಅವನ ಕೈಗೆ ಕೀಲಿ ಕೊಟ್ಟಾವ್ರು ಯಾರು?"

"ಭಾಳ ಜೋರೇನ ಹೊಡದಿದ್ದಿಲ್ಲವ್ವಾ" ಎಂದು ಮಗ ಅಳುತ್ತಿದ್ದ. ಜೋರು ಅಂದರೆ ಎಷ್ಟು? ನಾವು ಸೀರೆಯ ಊರಿನವರು, ಸೀರೆಯ ಲೆಕ್ಕದಲ್ಲೇ ನೋಡೋಣ. ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್. ಗಂಟೆಗೆ 20 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಒಂದು ಸೀರೆಯಷ್ಟು ದಾರಿ ದಾಟುತ್ತದೆ. 60 ಆದರೆ ಮೂರು ಸೀರೆ! ಮಗು ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡಾದರೂ ಬೇಕು. ಅಷ್ಟರೊಳಗೆ ಗಾಡಿ ಮೂರು ಮನೆಯ ಬಾಗಿಲು ದಾಟಿರುತ್ತದೆ. ಜನ ಮತ್ತು ವಾಹನ ಕೂಡಿ ಓಡಾಡುವ ಕಡೆ 30ಕ್ಕಿಂತ ಹೆಚ್ಚು ವೇಗ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ನಮ್ಮ ಇಕ್ಕಟ್ಟಿನ ಓಣಿಗೆ ಅದೂ ಹೆಚ್ಚೇ.

ಕಾಯಿದೆ ಏನು ಹೇಳುತ್ತದೆಂದು ಆಮೇಲೆ ತಿಳಿದುಕೊಂಡೆ. 2019ರ ತಿದ್ದುಪಡಿಯ ಪ್ರಕಾರ, ವಯಸ್ಸಾಗದ ಮಕ್ಕಳು ವಾಹನ ನಡೆಸಿ ತಪ್ಪು ಮಾಡಿದರೆ ತಪ್ಪಿತಸ್ಥರು ತಂದೆತಾಯಿ ಅಥವಾ ವಾಹನದ ಮಾಲೀಕರು. 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಒಂದು ಕಿಲೋ ಬೆಲ್ಲಕ್ಕೆ ಎಂಥಾ ಬೆಲೆ ನೋಡಿ!

ಓಣಿಯ ಹುಡುಗರು ಸಿಟ್ಟಿಗೆದ್ದು ರಾತ್ರೋರಾತ್ರಿ ಇಟ್ಟಿಗೆ-ಸಿಮೆಂಟಿನ ಒಂದು ದಿಬ್ಬ ಕಟ್ಟಿದರು. ಮೂರನೆಯ ದಿನವೇ ಹಾಲು ಹಾಕುವ ಮುದುಕ ಸೈಕಲ್ ಸಮೇತ ಬಿದ್ದ! ರಸ್ತೆ ಉಬ್ಬಿಗೂ ಅಳತೆ ಇದೆ, ತಾಯಂದಿರೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯಲ್ಲಿ ಅಗಲ 3.7 ಮೀಟರ್, ಅಂದರೆ ಸುಮಾರು 12 ಅಡಿ. ಎತ್ತರ 10 ಸೆಂಟಿಮೀಟರ್ ಮಾತ್ರ. ತವಾ ಬೋರಲು ಹಾಕಿದಂತೆ ಇಳಿಜಾರಾಗಿರಬೇಕು, ಒಲೆಯ ಗುಂಡಿನಂತೆ ಎದ್ದು ನಿಲ್ಲಬಾರದು. ಬಿಳಿ ಪಟ್ಟೆ ಬೇಕು, ಮುಂಚೆಯೇ ಎಚ್ಚರಿಕೆಯ ಫಲಕ ಬೇಕು. ಆಗ 25ರ ವೇಗದಲ್ಲಿ ಸುಖವಾಗಿ ದಾಟಬಹುದು. ನಾವು ಹೆಂಗಸರೇ ಸಹಿ ಮಾಡಿ ನಗರಸಭೆಗೆ ಅರ್ಜಿ ಕೊಟ್ಟಿದ್ದೇವೆ.

ಅರ್ಜಿಯಿಂದ ಏನಾದೀತು ಎನ್ನಬೇಡಿ. ಹಾಲೆಂಡ್ ದೇಶದಲ್ಲಿ 1971ರ ಒಂದೇ ವರ್ಷದಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಅಲ್ಲಿನ ತಂದೆತಾಯಿಗಳು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬೀದಿಗಿಳಿದರು. 1976ರಲ್ಲಿ ಸರ್ಕಾರವೇ ವಸತಿ ಬೀದಿಗಳಿಗೆ ನಿಯಮ ಮಾಡಿತು: ಅಲ್ಲಿ ಮಕ್ಕಳು ಆಡಬಹುದು, ವಾಹನಗಳೇ ನಡಿಗೆಯ ವೇಗದಲ್ಲಿ ಹೋಗಬೇಕು. ಆಗ ಆ ತಾಯಂದಿರಿಗಿದ್ದ ಸಂಕಟವೇ ಇವತ್ತು ನಮ್ಮದೂ ಅಲ್ಲವೇ?

ಅಷ್ಟರತನಕ ಮನೆಯಲ್ಲೇ ಮಾಡಬಹುದಾದ ಕೆಲವು ಕೆಲಸ:

• ಗಾಡಿಯ ಕೀಲಿ ಮೊಳೆಗೆ ತೂಗುಹಾಕದೆ ಕಪಾಟಿನಲ್ಲಿಡಿ.

• ಸಾಮಾನಿನ ಯಾದಿ ಹಿಂದಿನ ದಿನವೇ ಮಾಡಿ. "ಲಗೂನ ಹೋಗಿ ಬಾ" ಎನ್ನುವ ಮಾತು ಬಿಡಿ. ಅವಸರ ಕಲಿಸುವವರು ನಾವೇ.

• ಓಣಿಯ ತಿರುವಿನಲ್ಲಿ ಕಟ್ಟಿಗೆ, ಮರಳು ಒಟ್ಟಬೇಡಿ. ಗಾಡಿಗೆ ಮಗು ಕಾಣಬೇಕು, ಮಗುವಿಗೆ ಗಾಡಿ ಕಾಣಬೇಕು.

• ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬರುತ್ತವೆ. ಆ ಸಪ್ಪಳದಲ್ಲಿ ಚಾಲಕನಿಗೆ ಹಿಂದಿನ ಹಾರ್ನ್ ಕೇಳದು. ಎರಡು ಟ್ರೇಲರಿನ ನಡುವೆ ನುಸುಳಬಾರದೆಂದು ಮಕ್ಕಳಿಗೆ ಹೇಳಿಕೊಡಿ. ನಿಮ್ಮ ಮನೆಯದೇ ಟ್ರ್ಯಾಕ್ಟರಾದರೆ ಹಿಂದೆ ಕೆಂಪಗೆ ಹೊಳೆಯುವ ಪಟ್ಟಿ ಅಂಟಿಸಿ, ಹಾಡಿನ ದನಿ ಇಳಿಸಿ.

ಮಗನಿಗೆ ಈಗ ಹದಿನೇಳು. ಬಜಾರಕ್ಕೆ ನಡೆದೇ ಹೋಗುತ್ತಾನೆ. ಆ ಹುಡುಗಿ ಮತ್ತೆ ಓಡಾಡುತ್ತಾಳೆ. ಆದರೆ ಯಾವುದೇ ಗಾಡಿಯ ಸಪ್ಪಳ ಕೇಳಿದರೂ ಕಟ್ಟೆ ಹತ್ತಿ ಗೋಡೆಗೆ ಅಂಟಿ ನಿಲ್ಲುತ್ತಾಳೆ. ಈ ವರ್ಷದ ಹೋಳಿಗೆ ಮೊದಲ ಹೋಳಿಗೆ ಅವಳ ಮನೆಗೇ ಕಳಿಸಿದೆ, ಮಗನ ಕೈಯಲ್ಲೇ. ಅವನು ಬಾಗಿಲ ಹೊರಗೇ ನಿಂತಿದ್ದನಂತೆ. ಅವಳೇ ಬಂದು ಡಬ್ಬಿ ಇಸಕೊಂಡು, "ಅಣ್ಣಾ, ಒಳಗ ಬಾ" ಎಂದಳಂತೆ.