ಹಳದಿ ವೈರು, ಕೆಂಪು ವೈರು

ಹೋದ ವಾರ ಏನೂ ಬರೀಲಿಲ್ಲ, ಕ್ಷಮೆ ಇರಲಿ. ಕಾರಣ ನನ್ನ ಕಾರಿನ ಸ್ಟೀರಿಯೋ. ಅಷ್ಟಕ್ಕೆ ಒಂದು ವಾರ ಬೇಕಿತ್ತಾ ಅಂತ ಕೇಳ್ಬೇಡಿ, ಪೂರ್ತಿ ಓದಿ.

ಅಮ್ಮ ಮೊದಲ ಸಲ ಜರ್ಮನಿಗೆ ಬರೋದಿತ್ತು. ದಾರೀಲಿ ಅವರಿಗೆ ಭಾವಗೀತೆ ಕೇಳಿಸ್ಬೇಕು ಅಂತ, ಪೆನ್ ಡ್ರೈವ್ ಹಾಕೋ ಸ್ಟೀರಿಯೋ ತರಿಸಿ, ನಮ್ಮ ಹಳೇ ಕಾರಿಗೆ ನಾನೇ ಕೂರಿಸಿದೆ. ಹಾಡಿತು. ಆದರೆ ಪ್ರತಿ ಸಲ ಕೀಲಿ ತೆಗೆದು ಹಾಕಿದಾಗ ಗಡಿಯಾರ 12:00, ಹುಡುಕಿಟ್ಟ ಸ್ಟೇಷನ್‌ಗಳೆಲ್ಲ ಮಾಯ!

"ಸುಲಭ ಮಾರಾಯ, ಹಳದಿ, ಕೆಂಪು ಎರಡನ್ನೂ ಸೇರಿಸಿ ಪರ್ಮನೆಂಟ್ ಲೈನಿಗೆ ಕೊಡು" ಅಂದ ಮಂಗಳೂರಿನ ಗೆಳೆಯ. ಕೊಟ್ಟೆ. ಮರೆವು ವಾಸಿಯಾಯ್ತು. ನಾನೂ ಬೀಗಿದೆ.

ಶುಕ್ರವಾರ ಸಂಜೆ ನಿಲ್ಲಿಸಿದ ಕಾರನ್ನ ಮತ್ತೆ ಮುಟ್ಟಿದ್ದು ಸೋಮವಾರ ಬೆಳಗ್ಗೆ, ಅಮ್ಮನ್ನ ಕರ್ಕೊಂಡು ಬರೋಕೆ. ಮೈನಸ್ 8 ಡಿಗ್ರಿ. ಕೀಲಿ ತಿರುಗಿಸಿದೆ... ಟಕ್. ಅಷ್ಟೇ. "ರೀ, ಟ್ರೈನಲ್ಲಾದ್ರೂ ಹೋಗಿ" ಅಂತ ಕಿಟಕಿಯಿಂದ ಹೆಂಡತಿ. ಉಂಟರ್‌ಫ್ಯೋರಿಂಗ್‌ನಿಂದ ಏರ್‌ಪೋರ್ಟಿಗೆ ಎಸ್8 ನೇರ ಹೋಗುತ್ತೆ, ಸುಮಾರು 20 ನಿಮಿಷ. ಆದರೆ ಒಂದು ಟ್ರೈನು ಕಣ್ಣೆದುರೇ ಹೊರಟಿತು. ನಾನು ತಲುಪಿದಾಗ ಅಮ್ಮ ಎರಡು ಸೂಟ್‌ಕೇಸ್ ಹಿಡ್ಕೊಂಡು ಮುಕ್ಕಾಲು ಗಂಟೆಯಿಂದ ಒಬ್ಬರೇ ನಿಂತಿದ್ದರು. ಭಾಷೆ ಬರಲ್ಲ, ಫೋನಿಗೆ ಸಿಗ್ನಲ್ ಇಲ್ಲ. "ಬರ್ತೀಯೋ ಇಲ್ವೋ ಅಂದ್ಕೊಂಡೆ ಕಣೋ" ಅಂದರು. ಬೈದಿದ್ರೆ ಚೆನ್ನಾಗಿತ್ತು.

ಟೀವಿ ಸ್ಟುಡಿಯೋಗಳು ತುಂಬಿರೋ ಊರು ನಮ್ಮದು, ವೈರು ಗೊತ್ತಿರೋರಿಗೆ ಕೊರತೆ ಇಲ್ಲ. ಪಕ್ಕದ ಮನೆಯ ಅಜ್ಜ ನಿವೃತ್ತ ಎಲೆಕ್ಟ್ರಿಷಿಯನ್. ಮಲ್ಟಿಮೀಟರ್ ತಂದು, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಮಧ್ಯೆ ಮೀಟರ್ ಸೇರಿಸಿದರು. (ಹೀಗೆ ಸೇರಿಸಿದಾಗ ಕಾರು ಸ್ಟಾರ್ಟ್ ಮಾಡ್ಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ.) ಕಾರು ಪೂರ್ತಿ ನಿದ್ದೆಗೆ ಜಾರಲಿ ಅಂತ ಅರ್ಧ ಗಂಟೆ ಕಾದ್ವಿ. ನಿಂತ ಕಾರು ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಕಮ್ಮಿ ಎಳೀಬೇಕು. ನಮ್ಮದು 0.4! ಒಂದೊಂದೇ ಫ್ಯೂಸ್ ಕಿತ್ತು ನೋಡಿದರೆ, ರೇಡಿಯೋ ಫ್ಯೂಸ್ ತೆಗೆದ ಕೂಡಲೇ 0.02.

ಲೆಕ್ಕ ಸರಳ. 60 ಗಂಟೆಗೆ 0.4ರಂತೆ 24 ಆಂಪಿಯರ್-ಅವರ್. ನಮ್ಮ ಬ್ಯಾಟರಿ 44ರದ್ದು. ಅರ್ಧಕ್ಕಿಂತ ಹೆಚ್ಚು ಖಾಲಿ, ಮಿಕ್ಕಿದ್ದಕ್ಕೆ ಚಳಿ ಬೇರೆ.

ಆಗಿದ್ದೇನು ಗೊತ್ತಾ? ಸ್ಟೀರಿಯೋದ ಹಳದಿ ವೈರು ನೆನಪು ಉಳಿಸೋಕೆ, ಅದಕ್ಕೆ ಸದಾ ಕರೆಂಟು ಬೇಕು. ಕೆಂಪು ವೈರು ಬರೀ "ಕೀಲಿ ತಿರುಗಿದೆ, ಏಳು" ಅಂತ ಹೇಳೋಕೆ. ಐಎಸ್‌ಓ 10487 ಪ್ರಕಾರ ಕನೆಕ್ಟರಿನ 4ನೇ ಪಿನ್ ಪರ್ಮನೆಂಟ್, 7ನೇದು ಕೀಲಿಯದ್ದು. ಇಲ್ಲಿನ ಎಷ್ಟೋ ಕಾರುಗಳಲ್ಲಿ ಇವೆರಡೂ ಅದಲುಬದಲು. ನನ್ನದರಲ್ಲೂ. ಅದಕ್ಕೇ ಮೊದಲು ಮರೆವು ಬಂದಿದ್ದು. ಎರಡನ್ನೂ ಸೇರಿಸಿದ ಮೇಲೆ, ಕಾರು ಓಡ್ತಾ ಇದೆ ಅಂದ್ಕೊಂಡು ಸ್ಟೀರಿಯೋ ಹಗಲೂ ರಾತ್ರಿ ಅರೆ ಎಚ್ಚರದಲ್ಲೇ ಕೂತಿತ್ತು, ಪಾಪ.

ಅಜ್ಜ ಬಣ್ಣ ನೋಡಲೇ ಇಲ್ಲ. ಪಿನ್ ಪಿನ್ನಿಗೂ ಮೀಟರ್ ಇಟ್ಟರು. ಕೀಲಿ ಇಲ್ಲದೆಯೂ 12 ವೋಲ್ಟ್ ಇದ್ದರೆ ಅದು "30", ಕೀಲಿ ಹಾಕಿದಾಗ ಮಾತ್ರ ಬಂದರೆ "15". ಜರ್ಮನ್ನರು ಡಿಐಎನ್ 72552ರಲ್ಲಿ ಇಂಥ ನಂಬರುಗಳನ್ನೇ ಕೊಟ್ಟಿದ್ದಾರೆ. 30ಕ್ಕೆ ಹಳದಿ, 15ಕ್ಕೆ ಕೆಂಪು. ಹತ್ತು ನಿಮಿಷದ ಕೆಲಸ.

ಗೆಳೆಯನ ಮೇಲೆ ಸಿಟ್ಟಿಲ್ಲ. ಕಾಯಿಲೆಯ ಲಕ್ಷಣ ಹೋಯ್ತು ಅಂತ ಕಾರಣ ಹುಡುಕದೆ ಬಿಟ್ಟವನು ನಾನೇ. ಐದು ನಿಮಿಷ ಮೀಟರ್ ಹಿಡಿದಿದ್ದರೆ ಅಮ್ಮ ಹಾಗೆ ನಿಲ್ಲಬೇಕಿರಲಿಲ್ಲ.

ಭಾನುವಾರ ಅಮ್ಮನ್ನ ಫೆರಿಂಗಾಸೇ ಕೆರೆ ಕಡೆ ಕರ್ಕೊಂಡು ಹೋದೆ. ಭಾವಗೀತೆ ಹಾಕಿದೆ. ಎರಡು ಹಾಡು ಕೇಳಿ ಅಂದರು, "ಸ್ವಲ್ಪ ಆರಿಸೋ, ಮತ್ತೆ ಬ್ಯಾಟರಿ ಹೋದೀತು."